ಶಾಲೆ ತೆರೆಯುವದಕ್ಕೆ ಮುಂಚೆ

ಉಪಾಧ್ಯಾಯರಿಗೂ ಹೆತ್ತವರಿಗೂ ಸಭೆಯ ಹಿರಿಯರಿಗೂ ಒಂದು ಪಾಠ

ಓದತಕ್ಕ ವೇದಭಾಗಗಳು: ಮಾರ್ಕ 6:30–44, ವಿಮೋಚನಕಾಂಡ 18:13–26



ಮೇ ತಿಂಗಳು ಮುಗಿಯುತ್ತ ಬರುವಾಗ ಹೊನ್ನಾಳಿ ಸೀಮೆಯ ರೈತನು ಸುಮ್ಮನೆ ಕೂತಿರುವದಿಲ್ಲ. ಕುಂಟೆ ಕೂರಿಗೆಗಳನ್ನು ಹೊರಗೆ ತೆಗೆದು ನೋಡುತ್ತಾನೆ, ಸಡಿಲಾದದ್ದನ್ನು ಬಿಗಿಸುತ್ತಾನೆ, ಮೆಕ್ಕೆಜೋಳದ ಬೀಜವನ್ನು ತಂದಿಡುತ್ತಾನೆ, ಯಾಕಂದರೆ ಮಳೆ ಬಿದ್ದ ಮೇಲೆ ಬಡಗಿಯ ಮನೆಗೆ ಓಡುವವನ ಹೊಲಕ್ಕೆ ಹದ ತಪ್ಪುವದೆಂದು ಅವನು ಬಲ್ಲನು. ಅದೇ ದಿವಸಗಳಲ್ಲಿ ನಮ್ಮ ಗ್ರಾಮಗಳ ಶಾಲೆಗಳೂ ತೆರೆಯುವವು. ಆದರೆ ಉಪಾಧ್ಯಾಯರಾದ ನಮ್ಮಲ್ಲಿ ಎಷ್ಟು ಮಂದಿ ಆ ರೈತನಂತೆ ಮುಂಚಿತವಾಗಿ ಸಿದ್ಧರಾಗುತ್ತೇವೆ? ಹಾಜರಿ ಪುಸ್ತಕವೂ ಸೀಮೆಸುಣ್ಣವೂ ಇದ್ದರೆ ಸಾಕೆಂದು ನೆನಸಿ, ಮಕ್ಕಳು ಬಂದ ಮೇಲೆ ಗದ್ದಲವನ್ನು ಅಡಗಿಸುವದರಲ್ಲಿಯೇ ಮೊದಲನೆಯ ತಿಂಗಳನ್ನು ಕಳೆಯುವವರು ನಮ್ಮಲ್ಲಿ ಹಲವರುಂಟು.

ಆದಕಾರಣ ಶಾಲೆ ತೆರೆಯುವದಕ್ಕೆ ಮುಂಚೆ ತರಗತಿಯ ಕ್ರಮವನ್ನು ಹೇಗೆ ಏರ್ಪಡಿಸಬೇಕೆಂಬದನ್ನು ಈ ತಿಂಗಳ ಪಾಠವಾಗಿ ತೆಗೆದುಕೊಂಡಿದ್ದೇವೆ. ಇದು ದಿನಶಾಲೆಯ ಉಪಾಧ್ಯಾಯರಿಗೆ ಮಾತ್ರವಲ್ಲ. ಆದಿತ್ಯವಾರದ ಶಾಲೆಯನ್ನೂ ಸಾಯಂಕಾಲದ ಪಾಠವನ್ನೂ ನಡಿಸುವ ನಮ್ಮ ಯೌವನಸ್ಥರಿಗೂ, ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳಿಗೂ ಸೇರಿದ್ದಾಗಿದೆ.

ಕ್ರಮವು ಯಾತಕ್ಕೆ?

ನಮ್ಮ ಸೀಮೆಯವರಿಗೆ ಕಾಲುವೆಯ ಸಂಗತಿ ತಿಳಿದದ್ದೇ. ಲಕ್ಕವಳ್ಳಿಯ ಬಳಿಯಲ್ಲಿರುವ ಭದ್ರಾ ಅಣೆಕಟ್ಟಿನಿಂದ ಹೊರಟ ಬಲದಂಡೆಯ ಕಾಲುವೆಯು ಬಹುದೂರ ಹರಿದು ದಾವಣಗೆರೆಯ ಕಡೆಗೆ ಬರುತ್ತದೆ. ತೂಬಿನ ಬಳಿಯಲ್ಲಿರುವ ಗದ್ದೆಗೆ ನೀರು ಕೇಳದೆಯೇ ಬರುತ್ತದೆ. ಕಾಲುವೆಯ ಕೊನೆಯಲ್ಲಿರುವ ಗದ್ದೆಗೆ ನೀರು ಮುಟ್ಟಲಿಲ್ಲವೆಂಬ ಕೂಗು ಪದೇ ಪದೇ ಏಳುತ್ತದೆ. ಅಣೆಕಟ್ಟಿನಲ್ಲಿ ನೀರಿದ್ದರೆ ಮಾತ್ರ ಸಾಲದು. ಸರದಿಯೂ ಅದನ್ನು ಕಾಯುವವರೂ ಬೇಕು. ಇಲ್ಲವಾದರೆ ಮುಂದಿನವನು ಕುಡಿಸಿ ಮಿಕ್ಕದ್ದು ಹಿಂದಿನವನ ಪಾಲು.

ತರಗತಿಯೂ ಹೀಗೆಯೇ. ಉಪಾಧ್ಯಾಯನ ನೋಟ, ಅವನ ಪ್ರಶ್ನೆ, ಅವನ ತಿದ್ದುವ ಕೈ, ಅವನ ಒಳ್ಳೇ ಮಾತು, ಇವೇ ಅಲ್ಲಿ ಹರಿಯುವ ನೀರು. ಮುಂದೆ ಕೂತವರೂ ಬೇಗ ಉತ್ತರ ಕೊಡುವವರೂ ಮನೆಯಲ್ಲಿ ಓದುಬರಹ ಬಲ್ಲ ಹಿರಿಯರುಳ್ಳವರೂ ಅದನ್ನು ಕೇಳದೆಯೇ ಪಡೆಯುತ್ತಾರೆ. ಕೊನೆಯ ಸಾಲಿನ ಮಗುವಿಗೆ ಅದು ಮುಟ್ಟಬೇಕಾದರೆ ಯಾರಾದರೂ ಮುಂಚಿತವಾಗಿ ಯೋಚಿಸಿ ಸರದಿಯನ್ನು ಕಟ್ಟಿರಬೇಕು. ತರಗತಿಯ ಕ್ರಮವೆಂದರೆ ಇದೇ. ಅದು ಉಪಾಧ್ಯಾಯನ ಕಿವಿಗೆ ಸುಖವಾಗಲೆಂದು ಮಾಡುವ ಮೌನವಲ್ಲ. ಕೊನೆಯ ಮಗುವಿಗೂ ಪಾಲು ಸಿಕ್ಕಬೇಕೆಂದು ಮಾಡುವ ಏರ್ಪಾಟು.

ನಾವು ಇದನ್ನು ಪುಸ್ತಕದಿಂದ ಕಲಿತವರಲ್ಲ. ಒಂದು ವರುಷ ನಾವು ಯಾವ ಏರ್ಪಾಟೂ ಇಲ್ಲದೆ ಪಾಠವನ್ನು ಆರಂಭಿಸಿದೆವು. ಮಕ್ಕಳು ತಮಗೆ ತೋಚಿದಲ್ಲಿ ಕೂತರು; ಮೊದಲನೆಯ ದಿವಸ ಕೂತಲ್ಲಿಯೇ ಮುಂದೆಯೂ ಕೂತರು. ಕೈಯೆತ್ತಿದವರನ್ನು ಕೇಳಿದೆವು, ಗದ್ದಲ ಮಾಡಿದವರನ್ನು ಗದರಿಸಿದೆವು. ದಸರೆಯ ರಜೆಗೆ ಮುಂಚೆ ಒಂದು ಸಾಯಂಕಾಲ ಹಾಜರಿ ಪುಸ್ತಕವನ್ನು ತೆರೆದು, ಒಂದೊಂದು ಹೆಸರಿನ ಮುಂದೆ ಆ ಮಗುವು ನಮ್ಮೊಡನೆ ಆಡಿದ ಒಂದು ಮಾತನ್ನಾದರೂ ನೆನಪಿಗೆ ತರಬೇಕೆಂದು ಪ್ರಯತ್ನಿಸಿದೆವು. ಒಬ್ಬ ಹುಡುಗಿಯ ಹೆಸರಿನ ಬಳಿಗೆ ಬಂದಾಗ ನಮ್ಮ ಬೆರಳು ನಿಂತಿತು. ಅವಳು ಬಹುಮಟ್ಟಿಗೆ ಒಂದು ದಿವಸವೂ ತಪ್ಪಿಸಿಕೊಂಡವಳಲ್ಲ. ಎಂದೂ ಗದ್ದಲ ಮಾಡಿದವಳಲ್ಲ. ಆದರೆ ಅವಳ ಧ್ವನಿ ಹೇಗಿರುವದೆಂಬದೇ ನಮಗೆ ತಿಳಿದಿರಲಿಲ್ಲ. ಮರುದಿವಸ ಅವಳನ್ನು ಹತ್ತಿರ ಕರೆದು ಓದಿಸಿದಾಗ, ಕಪ್ಪುಹಲಗೆಯ ಮೇಲಣ ಅಕ್ಷರಗಳು ಅವಳಿಗೆ ಕೊನೆಯ ಸಾಲಿನಿಂದ ಕಾಣಿಸುತ್ತಿರಲಿಲ್ಲವೆಂದು ತಿಳಿಯಬಂತು. ನಾಲ್ಕು ತಿಂಗಳು ಅವಳು ಪಕ್ಕದವಳ ಪುಸ್ತಕವನ್ನು ನೋಡಿ ಬರೆದಿದ್ದಳು. ನಮಗೆ ತೊಂದರೆ ಕೊಡದಿದ್ದ ಕಾರಣ ನಾವು ಅವಳನ್ನು ಒಳ್ಳೇ ಹುಡುಗಿಯೆಂದು ಎಣಿಸಿ ಮರೆತುಬಿಟ್ಟಿದ್ದೆವು. ಶಾಂತವಾದ ತರಗತಿಯೆಲ್ಲಾ ಕ್ರಮವುಳ್ಳ ತರಗತಿಯೆಂಬ ಭ್ರಮೆಯನ್ನು ನಾವು ಅಂದು ಬಿಟ್ಟೆವು.

ಅಡವಿಯಲ್ಲಿ ಕರ್ತನು ಮಾಡಿದ ಏರ್ಪಾಟು

ಐದು ಸಾವಿರ ಜನರಿಗೆ ಊಟ ಕೊಟ್ಟ ಸಂಗತಿಯನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಮಾರ್ಕನ ವೃತ್ತಾಂತವನ್ನು ನಿಧಾನವಾಗಿ ಓದಿದರೆ ಆ ಅದ್ಭುತಕ್ಕೆ ಮುಂಚೆ ಒಂದು ಏರ್ಪಾಟು ನಡೆಯಿತೆಂಬದು ಕಾಣಬರುವದು. ಕರ್ತನು ಮೊದಲು ಆ ಗುಂಪನ್ನು ಕಂಡು ಕನಿಕರಪಟ್ಟನು. ಎಷ್ಟು ರೊಟ್ಟಿಗಳಿವೆಯೆಂದು ಹೋಗಿ ನೋಡುವಂತೆ ಶಿಷ್ಯರಿಗೆ ಹೇಳಿದನು. ಬಳಿಕ ಜನರನ್ನು ಹಸುರು ಹುಲ್ಲಿನ ಮೇಲೆ ನೂರು ನೂರಾಗಿಯೂ ಐವತ್ತು ಐವತ್ತಾಗಿಯೂ ಕೂಡ್ರಿಸಿದನು. ಅನಂತರವೇ ಸ್ತೋತ್ರಮಾಡಿ ರೊಟ್ಟಿ ಮುರಿದು, ಶಿಷ್ಯರ ಕೈಯಿಂದ ಹಂಚಿಸಿದನು. ಎಲ್ಲರೂ ತೃಪ್ತರಾದ ಮೇಲೆ ಉಳಿದ ತುಂಡುಗಳನ್ನು ಕೂಡಿಸಿದರು, ಹನ್ನೆರಡು ಪುಟ್ಟಿಗಳಾದವು.

ರೊಟ್ಟಿಗೆ ಮುಂಚೆ ಸಾಲು ಏಕೆ? ಹಸಿದ ಐದು ಸಾವಿರ ಗಂಡಸರು ಒಟ್ಟಾಗಿ ನುಗ್ಗಿದ್ದರೆ ಬಲವುಳ್ಳವರು ತಿನ್ನುತ್ತಿದ್ದರು. ಮುದುಕರೂ ಹೆಂಗಸರೂ ಮಕ್ಕಳೂ ಹಿಂದೆ ಬೀಳುತ್ತಿದ್ದರು. ಸಾಲಾಗಿ ಕೂತಾಗ ನಡುವೆ ದಾರಿಯಾಯಿತು. ಆ ದಾರಿಯಲ್ಲಿ ಶಿಷ್ಯರು ಕೊನೆಯವನ ವರೆಗೂ ನಡೆದು ಹೋಗುವದಕ್ಕೆ ಸಾಧ್ಯವಾಯಿತು. ಕರ್ತನ ಕನಿಕರವು ಸಾಲುಗಳ ರೂಪವನ್ನು ತಾಳಿತು. ನಾವು ಈ ವೃತ್ತಾಂತದ ಹೆಜ್ಜೆಗಳನ್ನೇ ಹಿಡಿದು ನಮ್ಮ ಕ್ರಮಪತ್ರವನ್ನು ಸಿದ್ಧಮಾಡೋಣ.

1. ಇರುವದೆಷ್ಟೆಂದು ಹೋಗಿ ನೋಡುವದು

ಶಾಲೆ ತೆರೆಯುವದಕ್ಕೆ ಒಂದು ವಾರ ಮುಂಚೆ ಉಪಾಧ್ಯಾಯನು ಬರಿದಾದ ಕೋಣೆಯೊಳಗೆ ಹೋಗಿ ಮಕ್ಕಳು ಕೂಡ್ರುವ ನೆಲದ ಮೇಲೆ ತಾನೇ ಕೂತುಕೊಳ್ಳಲಿ. ನಾಲ್ಕು ಮೂಲೆಗಳಲ್ಲಿಯೂ ಕೂತು ನೋಡಲಿ. ಬೆಳಿಗ್ಗೆ ಕಿಟಕಿಯ ಬೆಳಕು ಯಾವ ಕಡೆ ಕಣ್ಣಿಗೆ ಹೊಡೆಯುತ್ತದೆ? ಮಳೆ ಬಂದರೆ ಎಲ್ಲಿ ಸೋರುತ್ತದೆ? ಹಲಗೆಯ ಕೆಳಗಣ ಸಾಲು ಹಿಂದಿನಿಂದ ಕಾಣುತ್ತದೋ? ನಿಂತು ನೋಡುವವನಿಗೆ ಕಾಣದ ಸಂಗತಿಗಳು ಕೂತವನಿಗೆ ಕಾಣುವವು.

ಬಳಿಕ ಮಕ್ಕಳ ಪಟ್ಟಿಯನ್ನು ತೆಗೆದುಕೊಂಡು ಒಂದೊಂದು ಹೆಸರಿನ ಮುಂದೆ ಮೂರು ಸಂಗತಿಗಳನ್ನು ಬರೆಯಲಿ. ಮಗುವು ಎಷ್ಟು ದೂರದಿಂದ ಬರುತ್ತದೆ? ಮನೆಯಲ್ಲಿ ಯಾವ ಭಾಷೆಯನ್ನಾಡುತ್ತಾರೆ? ವರುಷದಲ್ಲಿ ಯಾವ ತಿಂಗಳು ಮನೆಯವರು ಊರಲ್ಲಿರುವದಿಲ್ಲ? ಹೊನ್ನಾಳಿ ನ್ಯಾಮತಿಗಳ ಸುತ್ತಲಿನ ತಾಂಡಾಗಳಲ್ಲಿ ಮನೆಯ ಮಾತು ಲಂಬಾಣಿ. ಬೇರೆ ಕೇರಿಗಳಲ್ಲಿ ಉರ್ದು, ತೆಲುಗು. ಮನೆಯಲ್ಲಿ ಕನ್ನಡವನ್ನಾಡದ ಮಗುವು ಮೊದಲನೆಯ ತಿಂಗಳು ಸುಮ್ಮನಿದ್ದರೆ ಅದು ದಡ್ಡತನವಲ್ಲ, ಕಿವಿ ಪಳಗುತ್ತಿದೆ. ಹಾಗೆಯೇ ಮಲೆನಾಡಿನ ಕಾಫಿ ಕೊಯ್ಲಿಗೂ ಕಬ್ಬು ಕಡಿಯುವದಕ್ಕೂ ಗುಳೆ ಹೋಗುವ ಮನೆಗಳ ಮಕ್ಕಳು ವಾರಗಟ್ಟಲೆ ಬಾರದೆ ಇದ್ದು ತಿರಿಗಿ ಬರುತ್ತಾರೆ. ಅವರು ಬಂದ ದಿವಸ ಅವರಿಗೆ ಜಾಗವೂ ಜೊತೆಗಾರನೂ ಪಾಠವೂ ಸಿದ್ಧವಾಗಿರಬೇಕಾದರೆ, ಅದನ್ನು ಜೂನ್ ತಿಂಗಳಲ್ಲಿಯೇ ಯೋಚಿಸಿರಬೇಕು. ತುಂಗಭದ್ರೆಯು ತುಂಬಿ ಹರಿಯುವ ಮಳೆಗಾಲದಲ್ಲಿ ಯಾವ ಮಕ್ಕಳ ದಾರಿ ಕಟ್ಟುವದೆಂಬದನ್ನೂ ಮುಂಚಿತವಾಗಿ ವಿಚಾರಿಸತಕ್ಕದ್ದು.

ಶಾಲೆ ತೆರೆದ ಮೊದಲನೆಯ ವಾರದಲ್ಲಿ ಪ್ರತಿಯೊಂದು ಮಗುವನ್ನೂ ಕೊನೆಯ ಸಾಲಿನಲ್ಲಿ ನಿಲ್ಲಿಸಿ ಹಲಗೆಯ ಮೇಲಣ ಐದು ಅಕ್ಷರಗಳನ್ನು ಓದಿಸಿರಿ. ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದು ಕೇಳಿಸುವದೋ ನೋಡಿರಿ. ಇದಕ್ಕೆ ವೈದ್ಯನು ಬೇಡ, ಹಣವೂ ಬೇಡ. ಸಂಶಯವುಂಟಾದರೆ ಮಾತ್ರ ಹೆತ್ತವರಿಗೆ ಹೇಳಿ ವೈದ್ಯನ ಬಳಿಗೆ ಕಳುಹಿಸಿರಿ.

2. ಸಾಲಾಗಿ ಕೂಡ್ರಿಸುವದು

ಕೂಡ್ರುವ ಜಾಗವು ಅಲ್ಪಸಂಗತಿಯೆಂದು ಯಾರೂ ಹೇಳಬಾರದು. ನಮ್ಮ ಸಭೆಗಳಲ್ಲಿ ಅನೇಕರ ಅಜ್ಜಂದಿರು ಶಾಲೆಯ ಒಳಗೆ ಕೂಡ್ರಲಾರದೆ ಹೊರಗಿನಿಂದ ಪಾಠ ಕೇಳಿದ ದಿವಸಗಳನ್ನು ಮನೆಯಲ್ಲಿ ಹೇಳುತ್ತಿದ್ದರು. ಡಾಕ್ಟರ್ ಅಂಬೇಡ್ಕರರು 1900ರ ಸುಮಾರಿನಲ್ಲಿ ಸಾತಾರೆಯ ಶಾಲೆಯಲ್ಲಿ ಓದುತ್ತಿದ್ದಾಗ ಮೂಲೆಯಲ್ಲಿ ಪ್ರತ್ಯೇಕವಾಗಿ, ಮನೆಯಿಂದ ತಾವೇ ತಂದ ಗೋಣಿತಟ್ಟಿನ ಮೇಲೆ ಕೂಡ್ರಬೇಕಾಗಿತ್ತು. ಬಾಯಾರಿದರೆ ಕೊಳಾಯಿಯನ್ನು ಮುಟ್ಟುವಂತಿರಲಿಲ್ಲ. ಜವಾನನು ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿವಸ ನೀರೇ ಇಲ್ಲ. ಇದನ್ನು ಅವರೇ ತಮ್ಮ ಬಾಲ್ಯದ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಆ ಶಾಲೆಯಲ್ಲಿಯೂ ಗದ್ದಲವಿರಲಿಲ್ಲ. ಅಲ್ಲಿಯೂ ಒಂದು ಕ್ರಮವಿತ್ತು. ಆದರೆ ಅದು ಒಂದು ಮಗುವನ್ನು ಹೊರಗಿಡುವದಕ್ಕಾಗಿ ಕಟ್ಟಿದ ಕ್ರಮ. ಮುಂದೆ 1950ನೆಯ ಜನವರಿ 26ರಂದು ಜಾರಿಗೆ ಬಂದ ರಾಜ್ಯಾಂಗವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಆ ರಾಜ್ಯಾಂಗದ ಕರಡನ್ನು ಸಿದ್ಧಮಾಡಿದ ಸಮಿತಿಯ ಅಧ್ಯಕ್ಷರು ಆ ಗೋಣಿತಟ್ಟಿನ ಮೇಲೆ ಕೂತಿದ್ದವರೇ.

ಹೀಗಿರಲಾಗಿ ನಮ್ಮ ಕ್ರಮಪತ್ರದಲ್ಲಿ ಎರಡು ಸಂಗತಿಗಳನ್ನು ತಪ್ಪದೆ ಬರೆಯಬೇಕು. ಮೊದಲನೆಯದು: ಕೂಡ್ರುವ ಜಾಗವು ಪ್ರತಿ ಸೋಮವಾರ ಬದಲಾಗಬೇಕು, ಮುಂದಿನ ಸಾಲು ಹಿಂದಕ್ಕೆ, ಹಿಂದಿನದು ಒಂದು ಸಾಲು ಮುಂದಕ್ಕೆ. ಕಣ್ಣು ಕಿವಿ ಮಂದವಾದ ಮಕ್ಕಳು ಮಾತ್ರ ಯಾವಾಗಲೂ ಮುಂದೆ. ಒಂದೇ ಕೇರಿಯವರು ಒಟ್ಟಾಗಿ ಕೂಡ್ರದಂತೆ ನೋಡಿಕೊಳ್ಳಬೇಕು. ಎರಡನೆಯದು: ಕುಡಿಯುವ ನೀರು ಒಂದೇ ಕೊಡದಿಂದ, ಒಂದೇ ಲೋಟದ ಸಾಲಿನಿಂದ, ಎಲ್ಲರಿಗೂ. ಮಧ್ಯಾಹ್ನದ ಊಟಕ್ಕೂ ಇದೇ ನಿಯಮ. ಪಂಕ್ತಿಯಲ್ಲಿ ಯಾರು ಯಾರ ಪಕ್ಕದಲ್ಲಿ ಕೂಡ್ರುತ್ತಾರೆಂಬದನ್ನು ಉಪಾಧ್ಯಾಯನು ಕಣ್ಣಾರೆ ನೋಡಬೇಕು.

ಇದನ್ನು ಹೇಳುವಾಗ ನಾವು ನಮ್ಮನ್ನೂ ಶೋಧಿಸಿಕೊಳ್ಳೋಣ. ನಮ್ಮ ಆದಿತ್ಯವಾರದ ಶಾಲೆಯಲ್ಲಿ ಉಪದೇಶಿಯ ಮಕ್ಕಳೂ ಹಿರಿಯರ ಮಕ್ಕಳೂ ಮುಂದೆ, ಕೂಲಿಯವರ ಮಕ್ಕಳು ಬಾಗಲ ಬಳಿಯಲ್ಲಿ ಎಂಬಂತೆ ಆಗಿಲ್ಲವೋ? ಹೊಸದಾಗಿ ಬಂದ ಮನೆಯ ಮಗುವಿಗೆ ಚಾಪೆಯ ಮೇಲೆ ಜಾಗ ಸಿಕ್ಕಿತೋ?

3. ಕೆಲವೇ ನಿಯಮಗಳು

ನಿಯಮಗಳು ಬಹಳವಾದರೆ ಮಕ್ಕಳು ಮರೆಯುವರು, ಉಪಾಧ್ಯಾಯನೂ ಮರೆಯುವನು. ನಾಲ್ಕು ಸಾಕು: ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು, ಕೈಯಿಂದಾಗಲಿ ಬಾಯಿಂದಾಗಲಿ ಯಾರನ್ನೂ ನೋಯಿಸಬಾರದು, ತೆಗೆದ ವಸ್ತುವನ್ನು ತೆಗೆದಲ್ಲಿಯೇ ಇಡಬೇಕು, ತಿಳಿಯದಿದ್ದರೆ ಕೇಳಬೇಕು, ಕೇಳಿದವನನ್ನು ಯಾರೂ ನಗಬಾರದು. ಈ ನಾಲ್ಕನೆಯದೇ ಕೊನೆಯ ಸಾಲಿನ ಮಗುವಿನ ಬಾಯನ್ನು ತೆರೆಯುವದು.

ನಿಯಮವನ್ನು ಹೇಳಿದರೆ ಸಾಲದು, ಅಭ್ಯಾಸ ಮಾಡಿಸಬೇಕು. ಮೊದಲನೆಯ ವಾರದಲ್ಲಿ ಪಾಠವು ಸ್ವಲ್ಪ ಹಿಂದೆ ಬಿದ್ದರೂ ಚಿಂತೆಯಿಲ್ಲ. ಚಪ್ಪಲಿಯನ್ನು ಎಲ್ಲಿ ಬಿಡಬೇಕು, ತಡವಾಗಿ ಬಂದವನು ಯಾರಿಗೂ ಅಡ್ಡಿಯಾಗದೆ ಹೇಗೆ ಕೂಡ್ರಬೇಕು, ಪುಸ್ತಕಗಳನ್ನು ಯಾವ ಸಾಲಿನಿಂದ ಹಂಚಬೇಕು, ಮೊದಲು ಕೆಲಸ ಮುಗಿಸಿದವನು ಏನು ಮಾಡಬೇಕು, ಗಂಟೆಯಾದಾಗ ಹೇಗೆ ಹೊರಡಬೇಕು, ಇವನ್ನು ಒಂದೊಂದಾಗಿ ಮಾಡಿ ತೋರಿಸಿ, ಮಾಡಿಸಿ, ಸರಿಹೋಗುವ ವರೆಗೆ ತಿರಿಗಿ ಮಾಡಿಸಿರಿ. ಪುಸ್ತಕ ಹಂಚುವದು ಒಂದು ದಿವಸ ಮುಂದಿನ ಸಾಲಿನಿಂದ, ಮರುದಿವಸ ಹಿಂದಿನ ಸಾಲಿನಿಂದ ಆರಂಭವಾಗಲಿ. ಹರಿದ ಪುಸ್ತಕವು ಯಾವಾಗಲೂ ಒಬ್ಬನ ಪಾಲಿಗೇ ಬೀಳದಿರಲಿ. ಜೂನ್ ತಿಂಗಳಲ್ಲಿ ಹೀಗೆ ಕಳೆದ ಐದು ದಿವಸಗಳು ಮುಂದಿನ ತಿಂಗಳುಗಳಲ್ಲಿ ಬಡ್ಡಿ ಸಹಿತ ತಿರಿಗಿ ಬರುವವು.

4. ಬೆತ್ತದ ವಿಷಯ

ಹಿಂದಿನ ಕೂಲಿಮಠಗಳಲ್ಲಿ ಕೋದಂಡವೆಂಬ ಶಿಕ್ಷೆಯಿತ್ತು. ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ಹುಡುಗನು ಜೋತಾಡುತ್ತಿರಬೇಕು. ಕೈಬಿಟ್ಟರೆ ಬೆತ್ತದ ಏಟು. ಹೆದರಿಕೆಯಿಂದ ಮಗ್ಗಿ ಬಾಯಿಪಾಠವಾಗುತ್ತಿತ್ತು. ಅದೇ ಹೆದರಿಕೆಯಿಂದ ಅನೇಕರು ಶಾಲೆಯನ್ನೇ ಬಿಟ್ಟು ಓಡಿಹೋಗುತ್ತಿದ್ದರು. ಈಗ ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆರರಿಂದ ಹದಿನಾಲ್ಕು ವರುಷದ ಮಕ್ಕಳ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕನ್ನು ಕುರಿತು 2009ರಲ್ಲಿ ಮಾಡಲ್ಪಟ್ಟು 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯಿದೆಯ 17ನೆಯ ಕಲಮು, ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಕೂಡದೆಂದು ನಿಷೇಧಿಸುತ್ತದೆ. ಏಟು ಮಾತ್ರವಲ್ಲ, ನಾಲ್ವರ ಮುಂದೆ ಹೀನೈಸುವದೂ ಜಾತಿಯನ್ನೆತ್ತಿ ಬೈಯುವದೂ ಮಗುವಿನ ಮನಸ್ಸನ್ನು ಹಿಂಸಿಸುವದೇ.

ಇಲ್ಲಿ ನಮ್ಮ ಸಹೋದರರಲ್ಲಿ ಕೆಲವರು ಜ್ಞಾನೋಕ್ತಿಗಳಲ್ಲಿ ಬೆತ್ತದ ಮಾತು ಉಂಟಲ್ಲವೇ ಎಂದು ಕೇಳುವರು. ಉಂಟು. ಆದರೆ ಅಲ್ಲಿ ಹೇಳಿರುವದು ಮಗನನ್ನು ಪ್ರೀತಿಸುವ ತಂದೆಯು ತಡಮಾಡದೆ ತಿದ್ದುವ ವಿಷಯ. ಬೇಸತ್ತ ಉಪಾಧ್ಯಾಯನ ಸಿಟ್ಟಿಗೆ ಅದು ಅಪ್ಪಣೆಯ ಚೀಟಿಯಲ್ಲ. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿಯೂ ಕೋಲುಂಟು. ಆ ಕೋಲು ಕುರಿಗೆ ಧೈರ್ಯ ಕೊಡುತ್ತದೆ. ನಮ್ಮ ಕೈಯಲ್ಲಿರುವದನ್ನು ಕಂಡು ಮಕ್ಕಳಿಗೆ ಧೈರ್ಯ ಬರುವದೋ ಹೆದರಿಕೆಯೋ ಎಂಬದೇ ನಮಗಿರುವ ಪರೀಕ್ಷೆ.

ಹಾಗಾದರೆ ತಪ್ಪು ಮಾಡಿದ ಮಗುವನ್ನು ಏನು ಮಾಡಬೇಕು? ಮೊದಲು ಬರೀ ನೋಟ. ಸಾಲದಿದ್ದರೆ ಪಾಠವನ್ನು ನಿಲ್ಲಿಸದೆ ಅವನ ಬಳಿಗೆ ಹೋಗಿ ನಿಲ್ಲುವದು. ಅದೂ ಸಾಲದಿದ್ದರೆ ಗಂಟೆಯಾದ ಮೇಲೆ ಒಬ್ಬನನ್ನೇ ಕರೆದು ಎರಡು ಮಾತು. ಕೆಡಿಸಿದ್ದನ್ನು ಅವನ ಕೈಯಿಂದಲೇ ಸರಿಮಾಡಿಸುವದು. ಕೊನೆಗೆ ಅವನ ಮನೆಗೆ ಹೋಗುವದು. ಈ ಮೆಟ್ಟಿಲುಗಳನ್ನು ಕ್ರಮಪತ್ರದಲ್ಲಿ ಮುಂಚೆಯೇ ಬರೆದಿಟ್ಟುಕೊಂಡವನಿಗೆ ಸಿಟ್ಟು ಬಂದ ಗಳಿಗೆಯಲ್ಲಿ ಯೋಚಿಸುವ ಕಷ್ಟವಿರುವದಿಲ್ಲ. ಮನೆಗೆ ಹೋದವನು ಕೆಲವು ಸಾರಿ ಬೇರೇ ಸಂಗತಿಯನ್ನು ಕಾಣುವನು: ರಾತ್ರಿ ಊಟವಿಲ್ಲದ ಮನೆ, ಕುಡಿದು ಬರುವ ತಂದೆ, ಎಳೇ ತಂಗಿಯನ್ನು ಎತ್ತಿಕೊಂಡು ನಿದ್ದೆಗೆಟ್ಟ ಹುಡುಗ.

ತಂದೆಗಳೇ, ಮಗನನ್ನು ಶಾಲೆಗೆ ಬಿಡುವಾಗ ಚೆನ್ನಾಗಿ ಹೊಡೆದು ಬುದ್ಧಿ ಕಲಿಸಿರೆಂದು ಹೇಳಬೇಡಿರಿ. ಏನಾದರೂ ತಪ್ಪಿದರೆ ನಮಗೆ ತಿಳಿಸಿರಿ, ನಾವು ಬರುತ್ತೇವೆಂದು ಹೇಳಿರಿ.

5. ಶಿಷ್ಯರ ಕೈಯಿಂದ ಹಂಚಿಸುವದು

ಮೋಶೆಯು ಬೆಳಿಗ್ಗೆಯಿಂದ ಸಾಯಂಕಾಲದ ವರೆಗೆ ಒಬ್ಬನೇ ಕೂತು ನ್ಯಾಯತೀರಿಸುತ್ತಿದ್ದನು; ಜನರು ಸುತ್ತಲೂ ನಿಂತೇ ಇದ್ದರು. ಅವನ ಮಾವನಾದ ಇತ್ರೋನು ಅದನ್ನು ಕಂಡು, ಹೀಗೆ ಮಾಡಿದರೆ ನೀನೂ ಬಳಲುವೆ, ಜನರೂ ಬಳಲುವರೆಂದು ಬುದ್ಧಿ ಹೇಳಿ, ಹತ್ತು ಮಂದಿಗೂ ಐವತ್ತು ಮಂದಿಗೂ ಒಬ್ಬೊಬ್ಬನನ್ನು ನೇಮಿಸಿಕೊಳ್ಳುವಂತೆ ಆಲೋಚನೆ ಕೊಟ್ಟನು. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡಿಸುವ ಹಳ್ಳಿಯ ಉಪಾಧ್ಯಾಯನಿಗೆ ಇದಕ್ಕಿಂತ ತಕ್ಕ ಮಾತು ಬೇರೊಂದಿಲ್ಲ.

1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಪಾದ್ರಿ ಆಂಡ್ರೂ ಬೆಲ್ ಎಂಬವರು, ನಮ್ಮ ದೇಶದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆದು ಕಲಿಯುವದನ್ನು ಕಂಡರು. ತಮ್ಮ ಶಾಲೆಯಲ್ಲಿಯೂ ಹಾಗೆ ಕಲಿಸಬೇಕೆಂದಾಗ ಅಲ್ಲಿಯ ಉಪಾಧ್ಯಾಯನಿಂದ ಅದು ಆಗಲಿಲ್ಲ. ಆಗ ಅವರು ಎಂಟು ವರುಷದ ಜಾನ್ ಫ್ರಿಸ್ಕನ್ ಎಂಬ ಬಾಲಕನಿಗೆ ಆ ಕೆಲಸವನ್ನು ಒಪ್ಪಿಸಿದರು. ಅವನು ಅದನ್ನು ಸಾಧಿಸಿದನು. 1797ರಲ್ಲಿ ಬೆಲ್ ಇದನ್ನು ಕುರಿತು ಪುಸ್ತಕವನ್ನು ಅಚ್ಚುಹಾಕಿಸಿದ ಮೇಲೆ ಮದ್ರಾಸಿನ ಪದ್ಧತಿಯೆಂಬ ಹೆಸರಿನಿಂದ ಅದು ಇಂಗ್ಲೆಂಡಿನಲ್ಲಿ ಹಬ್ಬಿತು. ಆದರೆ ಅಲ್ಲಿ ಒಬ್ಬ ಉಪಾಧ್ಯಾಯನ ಕೈಕೆಳಗೆ ನೂರಾರು ಮಕ್ಕಳನ್ನು ತುಂಬಿದಾಗ ಅದು ಜೀವವಿಲ್ಲದ ಯಂತ್ರದಂತಾಯಿತು. ಮಗುವು ಮಗುವಿಗೆ ಕಲಿಸಬಲ್ಲದು. ಆದರೆ ಉಪಾಧ್ಯಾಯನಿಗೆ ಬದಲಾಗಿ ನಿಲ್ಲಲಾರದು.

ನಮ್ಮ ನಾಡಿನಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಇದನ್ನು ಇನ್ನೂ ಜಾಣತನದಿಂದ ಏರ್ಪಡಿಸಿತು; 2009ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಮಕ್ಕಳು ಸಾಲಾಗಿ ಕೂಡ್ರದೆ ಐದು ಗುಂಪುಗಳಾಗಿ ಸುತ್ತಲೂ ಕೂಡ್ರುತ್ತಾರೆ. ಒಂದು ಗುಂಪಿಗೆ ಉಪಾಧ್ಯಾಯನ ಪೂರ್ಣ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ. ಮುಂದಿನವುಗಳಲ್ಲಿ ಜೊತೆಯ ಮಕ್ಕಳ ಸಹಾಯ. ಕೊನೆಯದರಲ್ಲಿ ಮಗುವು ತಾನಾಗಿಯೇ ಕಲಿಯುವದು. ಮಗುವು ತನ್ನ ಮೆಟ್ಟಿಲನ್ನು ಏಣಿಯ ಚಿತ್ರದಲ್ಲಿ ತಾನೇ ನೋಡಿಕೊಳ್ಳುತ್ತದೆ. ಹತ್ತು ದಿವಸ ಬಾರದೆ ಇದ್ದ ಮಗುವು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು; ಹಿಂದೆ ಬಿದ್ದವನೆಂದು ನಾಚಿಕೆಪಡಬೇಕಾಗಿಲ್ಲ. ನಮ್ಮ ಆದಿತ್ಯವಾರದ ಶಾಲೆಯಲ್ಲಿಯೂ ಸಣ್ಣವರೂ ದೊಡ್ಡವರೂ ಒಂದೇ ಚಾಪೆಯ ಮೇಲಿರುವದರಿಂದ ಈ ಗುಂಪುಗಳ ಏರ್ಪಾಟು ಬಹಳ ಉಪಯೋಗವಾಗುವದು.

ಮಕ್ಕಳಿಗೆ ಕೆಲಸಗಳನ್ನು ಹಂಚುವಾಗ ಎಚ್ಚರಿಕೆ ಬೇಕು. ಗಂಟೆ ಬಾರಿಸುವದೂ ಹಾಜರಿ ಕರೆಯುವದೂ ಯಾವಾಗಲೂ ಗಂಡುಮಕ್ಕಳಿಗೆ, ಕಸ ಗುಡಿಸುವದು ಯಾವಾಗಲೂ ಹೆಣ್ಣುಮಕ್ಕಳಿಗೆ ಎಂಬಂತಾಗಬಾರದು. ಇಂಥ ಕೇರಿಯವರಿಗೆ ಇಂಥ ಕೆಲಸವೆಂಬದು ಶಾಲೆಯ ಹೊಸ್ತಿಲನ್ನು ದಾಟಬಾರದು. ಪಾಯಿಖಾನೆ ತೊಳೆಯುವ ಕೆಲಸವನ್ನಂತೂ ಯಾವ ಮಗುವಿಗೂ ಹೇಳಕೂಡದು. ಎಲ್ಲಾ ಕೆಲಸಗಳೂ ವಾರದ ಸರದಿಯಿಂದ ಎಲ್ಲರಿಗೂ ಬರಲಿ.

6. ತುಂಡುಗಳನ್ನು ಕೂಡಿಸುವದು

ಕರ್ತನು ಉಳಿದ ತುಂಡುಗಳನ್ನೂ ನಷ್ಟವಾಗಗೊಡಲಿಲ್ಲ. ತರಗತಿಯ ಕೊನೆಯ ಹತ್ತು ನಿಮಿಷಗಳನ್ನು ಇದಕ್ಕಾಗಿ ಇಡಿರಿ. ಇಂದು ಏನು ಕಲಿತೆವೆಂದು ಮಕ್ಕಳೇ ಹೇಳಲಿ; ಉತ್ತರ ಹೇಳದವರಿಂದ ಆರಂಭಿಸಿರಿ. ಮಕ್ಕಳು ಹೋದ ಮೇಲೆ ಉಪಾಧ್ಯಾಯನು ಒಂದು ಸಣ್ಣ ಪುಸ್ತಕದಲ್ಲಿ ಮೂರು ಹೆಸರುಗಳನ್ನು ಬರೆಯಲಿ: ಇಂದು ತಾನು ಮಾತಾಡಿಸದೆ ಬಿಟ್ಟ ಮೂವರ ಹೆಸರು. ಮರುದಿವಸ ಮೊದಲು ಅವರನ್ನೇ ಮಾತಾಡಿಸಲಿ. ಮೂವತ್ತು ಮಕ್ಕಳ ತರಗತಿಯಲ್ಲಿ ಹತ್ತು ದಿವಸ ಹೀಗೆ ಮಾಡಿದರೆ ಮರೆತುಹೋದ ಮಗುವು ಇರಲಾರದು. ಆ ಹುಡುಗಿಯನ್ನು ನಾವು ನಾಲ್ಕು ತಿಂಗಳು ಮರೆತದ್ದಕ್ಕೆ ನಮಗೆ ದೊರೆತ ಮದ್ದು ಇದೇ. ಎರಡು ದಿವಸ ಬಾರದ ಮಗುವಿನ ಮನೆಗೆ ಮೂರನೆಯ ದಿವಸ ಯಾರಾದರೂ ಹೋಗಬೇಕು. ಯಾರು ಹೋಗುವರೆಂಬದನ್ನೂ ಕ್ರಮಪತ್ರದಲ್ಲಿ ಬರೆದಿರಬೇಕು.

ಸಭೆಯವರ ಪಾಲು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಎರಡೇ ವರುಷಗಳಲ್ಲಿ ಕನ್ನಡ ಶಾಲೆಯನ್ನು ತೆರೆದರು. ದೇವರ ವಾಕ್ಯವನ್ನು ಓದಬೇಕಾದರೆ ಜನರಿಗೆ ಓದು ಬರಬೇಕೆಂದು ಅವರು ತಿಳಿದಿದ್ದರು. ನಮ್ಮ ಸಭೆಗಳಲ್ಲಿ ಹಲವು ಶಾಲೆಯ ಜಗುಲಿಯಲ್ಲಿ ಹುಟ್ಟಿದವುಗಳೇ. ಆದದರಿಂದ ಊರಿನ ಶಾಲೆಯು ನಮಗೆ ಸೇರಿದ್ದಲ್ಲವೆಂದು ಸುಮ್ಮನಿರಬಾರದು. ಮೇಲೆ ಹೇಳಿದ 2009ರ ಕಾಯಿದೆಯು ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೂ ಪೋಷಕರೂ ಇರಬೇಕೆಂದೂ ಅರ್ಧದಷ್ಟು ಹೆಂಗಸರಿರಬೇಕೆಂದೂ ವಿಧಿಸಿದೆ. ನಮ್ಮ ತಾಯಂದಿರು ಆ ಸಮಿತಿಯ ಕೂಟಕ್ಕೆ ಹೋಗಲಿ. ಮಕ್ಕಳು ಎಲ್ಲಿ ಕೂಡ್ರುತ್ತಾರೆ, ನೀರು ಎಲ್ಲಿಂದ ಕುಡಿಯುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಸಮಾಧಾನದಿಂದ ಕೇಳಲಿ. ಸಾಯಂಕಾಲ ದೇವಾಲಯದಲ್ಲಿ ಒಂದು ದೀಪವೂ ಚಾಪೆಯೂ ಊರಿನ 모든 ಮಕ್ಕಳಿಗೂ ತೆರೆದಿರಲಿ. ಯಾವ ಮತದ ಮಗುವೆಂದು ಬಾಗಲಲ್ಲಿ ಕೇಳುವದು ಬೇಡ.

ಕ್ರಮಪತ್ರದ ಮಾದರಿ

ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚತಕ್ಕದ್ದು:

ಮಕ್ಕಳ ಸಂಖ್ಯೆ, ಮನೆಯ ಭಾಷೆ, ಗುಳೆ ಹೋಗುವ ತಿಂಗಳು. ಕಣ್ಣು ಕಿವಿಗಳ ಪರೀಕ್ಷೆ ಮುಗಿದ ದಿವಸ. ಜಾಗ ಬದಲಾಯಿಸುವ ವಾರ. ನೀರಿನ ಮತ್ತು ಊಟದ ಏರ್ಪಾಟು. ನಾಲ್ಕು ನಿಯಮಗಳು. ತಪ್ಪನ್ನು ತಿದ್ದುವ ಐದು ಮೆಟ್ಟಿಲುಗಳು. ಕೆಲಸಗಳ ಸರದಿ. ಬಾರದ ಮಗುವಿನ ಮನೆಗೆ ಹೋಗತಕ್ಕವರು. ಕೊನೆಯ ಹತ್ತು ನಿಮಿಷ, ಮೂರು ಹೆಸರು.

ದಸರೆಯ ರಜೆಯಲ್ಲಿ ಈ ಹಾಳೆಯನ್ನು ತೆಗೆದು ಓದಿ, ನಡೆಯದೆ ಹೋದದ್ದನ್ನು ಹೊಡೆದುಹಾಕಿ, ಹೊಸದನ್ನು ಬರೆಯಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ರೊಟ್ಟಿ ಹಂಚುವದಕ್ಕೆ ಮುಂಚೆ ಕರ್ತನು ಜನರನ್ನು ಸಾಲಾಗಿ ಕೂಡ್ರಿಸಿದ್ದು ಯಾರ ಹಿತಕ್ಕಾಗಿ?

2. ಇತ್ರೋನ ಆಲೋಚನೆಯಿಂದ ಮೋಶೆಗೂ ಜನರಿಗೂ ಆದ ಪ್ರಯೋಜನವೇನು?

3. ನಮ್ಮ ಆದಿತ್ಯವಾರದ ಶಾಲೆಯಲ್ಲಿ ಕಳೆದ ತಿಂಗಳು ಒಂದು ಮಾತನ್ನೂ ಆಡದ ಮಗುವು ಯಾವದು?

4. ಶಾಂತವಾಗಿದ್ದರೂ ಅನ್ಯಾಯವುಳ್ಳ ಕ್ರಮವು ಎಲ್ಲಿಯಾದರೂ ನಮ್ಮ ಕಣ್ಣಿಗೆ ಬಿದ್ದಿದೆಯೋ? ನಾವು ಏನು ಮಾಡಿದೆವು?

5. ಈ ಜೂನಿನಲ್ಲಿ ನಮ್ಮ ಸಭೆಯು ಊರಿನ ಶಾಲೆಗೆ ಮಾಡಬಹುದಾದ ಒಂದು ಸಹಾಯವನ್ನು ಹೇಳಿರಿ.

ಪ್ರಾರ್ಥನೆಯ ವಿಷಯ

ಹೊಸ ವರುಷದ ಪಾಠಗಳನ್ನು ಆರಂಭಿಸುವ ಎಲ್ಲಾ ಉಪಾಧ್ಯಾಯರಿಗೋಸ್ಕರವೂ, ಮೊದಲನೆಯ ಸಾರಿ ಶಾಲೆಯ ಹೊಸ್ತಿಲನ್ನು ದಾಟುವ ಮಕ್ಕಳಿಗೋಸ್ಕರವೂ, ಹೆತ್ತವರ ಸಂಗಡ ದೂರದ ಕೆಲಸಕ್ಕೆ ಹೋಗುವ ಮಕ್ಕಳಿಗೋಸ್ಕರವೂ ಪ್ರಾರ್ಥಿಸೋಣ. ತನ್ನ ಶಿಷ್ಯರನ್ನು ಕೊನೆಯ ಸಾಲಿನ ವರೆಗೆ ರೊಟ್ಟಿಯೊಡನೆ ನಡಿಸಿದ ಕರ್ತನು ನಮ್ಮ ಕಾಲುಗಳನ್ನೂ ಅಲ್ಲಿಯ ವರೆಗೆ ನಡಿಸಲಿ.